ಬೀಗಿತ್ತಿ ಕೇಳಿಸಿಕೊಂಡ ಕಾಗದ

ಬೇಗೂರಿನಲ್ಲಿ ನಾನು ಪೋಸ್ಟ್‌ಮ್ಯಾನ್ ಆಗಿದ್ದ ತೊಂಬತ್ತರ ದಶಕದ ಮಾತು. ದೆಹಲಿಯ ಯಾವುದೋ ಗುಟ್ಟಿನ ಸರ್ಕಾರಿ ಪತ್ರ ಪೇಪರಿನವರ ಕೈಸೇರಿ, ಬೇರೆ ದೇಶದವರ ಮುಂದೆ ನಮ್ಮ ಮಂತ್ರಿಗಳು ತಲೆ ತಗ್ಗಿಸುವಂತಾಗಿತ್ತು. ಟೀ ಅಂಗಡಿಯಲ್ಲೂ ಅದೇ ಚರ್ಚೆ. "ಜನಕ್ಕೆ ಗೊತ್ತಾದ್ರೆ ಏನ್ಲಾ ತಪ್ಪು?" ಅಂದವರಿದ್ದರು. "ಕಾಗದದ ಗುಟ್ಟು ಬುಟ್ಟುಕೊಟ್ಟೋನ್ನ ಮೊದ್ಲು ಡಿಸ್ಮಿಸ್ ಮಾಡ್ಬೇಕು ಕಣ್ಲಾ" ಅಂತ ಮೇಜು ಗುದ್ದಿದವನು ನಾನೇ.

ಅಲ್ಲಿಂದ ನೇರ ನಿಂಗಮ್ಮನ ಮನೆಗೆ ಹೋದೆ. ಆಕೆಗೆ ಓದು ಬರದು, ಕಿವಿಯೂ ಮಂದ. ತೆರಕಣಾಂಬಿಗೆ ಕೊಟ್ಟ ಮಗಳ ಕಾಗದ ಬಂದಾಗಲೆಲ್ಲ ಜಗಲಿ ಮೇಲೆ ಕೂತು, ಗಂಟಲು ಹರಿಯುವಂತೆ ಓದುವುದು ನನ್ನ ಕೆಲಸ. ಅವತ್ತೂ ಓದಿದೆ: "ಅವ್ವಾ, ನಮ್ಮತ್ತೆ ಮಾಡೋ ಉಪ್ಸಾರು ಬಾಯಿಗಿಡಕ್ಕಾಗಲ್ಲ. ಆದ್ರೂ ಚೆಂದಾಗದೆ ಅಂತ ಎರಡು ಸಲ ಬಡಿಸ್ಕತೀನಿ. ಪಾಪ, ಅವ್ರು ನೊಂದ್ಕಬಾರ್ದು."

ಒಳಗೆ ಲೋಟ ಬಿದ್ದ ಸದ್ದಾಯಿತು. ಬಾಗಿಲಿಗೆ ಬಂದು ನಿಂತವರು ಅದೇ ಅತ್ತೆ. ಬೆಳಗಿನ ಬಸ್ಸಿಗೆ ಬೀಗರ ಮನೆಗೆ ಬಂದಿದ್ದರಂತೆ. ನಾನು ಗಡಬಡಿಸಿ ಕಾಗದ ಮಡಚಿದೆ.

ಅವರು ಸೆರಗಲ್ಲಿ ಕಣ್ಣೊರೆಸಿಕೊಂಡು, ನಿಂಗಮ್ಮನ ಪಕ್ಕ ಕೂತು, ಕಿವಿಗೆ ಬಾಗಿ ಕೂಗಿದರು: "ನೀನು ಉಪ್ಸಾರಿನ ಖಾರ ಎಂಗೆ ಅರೀತೀಯ, ಒಸಿ ಏಳ್ಕೊಡಕ್ಕ." ಆಮೇಲೆ ನನ್ನ ಕಡೆ ತಿರುಗಿ, "ನಾ ಕೇಳಿಸ್ಕಂಡಿದ್ದು ಆ ಮಗೀಗೆ ಗೊತ್ತಾಗೋದು ಬ್ಯಾಡ ಕಣಪ್ಪ" ಅಂದರು.

ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟೆ. ಈಗ ನಿಮಗೆ ಹೇಳಿಬಿಟ್ಟೆ. ಪರವಾಗಿಲ್ಲ, ನಾನು ರಿಟೈರಾಗಿದ್ದೇನೆ. ಇನ್ನು ಯಾರೂ ಡಿಸ್ಮಿಸ್ ಮಾಡುವಂತಿಲ್ಲ.