ಖಡಿ ಮಷೀನಿನ ನೆರೆಯವ

ನಮ್ಮ ಪಕ್ಕದ ಮನೆಯಾತ ಮುಚ್ಚಂಡಿ ರಸ್ತೆಯ ಖಡಿ ಮಷೀನಿನಲ್ಲಿ ಕಲ್ಲು ಪುಡಿ ಮಾಡಿಸುವ ಕೆಲಸಕ್ಕಿದ್ದ. ಸಂಜೆ ಮನೆಗೆ ಬರುವಾಗ ಅವನ ಹುಬ್ಬು, ಮೀಸೆ ಎಲ್ಲ ಬೆಳ್ಳಗಾಗಿರುತ್ತಿದ್ದವು. ಅಂಗಳದಲ್ಲಿ ನಿಂತು ಅಂಗಿ ಝಾಡಿಸಿ, ಕೆಮ್ಮಿ, ಗಂಟಲು ಸರಿಮಾಡಿಕೊಂಡ ಮೇಲೆಯೇ ಒಳಗೆ ಹೋಗುತ್ತಿದ್ದ. ಏನು ಕೇಳಿದರೂ "ನಡೀತೈತ್ರಿ" ಎನ್ನುವುದೇ ಅವನ ಉತ್ತರ.

ಮದುವೆಯಾಗಿ ವರ್ಷಗಳಾದರೂ ಅವನಿಗೆ ಮಕ್ಕಳಿರಲಿಲ್ಲ. ಊರಿನವರ ಬಾಯಿಗೆ ಸಿಕ್ಕವಳು ಮಾತ್ರ ಅವನ ಹೆಂಡತಿ.

ನನ್ನ ಮೊಮ್ಮಗಳಿಗೆ ಹೆಸರಿಡುವ ದಿನ ಆಕೆ ತೊಟ್ಟಿಲ ಹಗ್ಗ ಹಿಡಿಯಲು ಮುಂದೆ ಬಂದಳು. ಆಕೆಯ ಗಂಡನ ಚಿಕ್ಕಮ್ಮ ತಡೆದು, "ನೀ ಸ್ವಲ್ಪ ಆಚಿ ಸರಿಯವಾ, ಮಕ್ಕಳಾದವರು ಹಿಡೀಲಿ," ಎಂದಳು.

ಬಾಗಿಲಲ್ಲಿ ನಿಂತಿದ್ದ ಆತ ದನಿ ಏರಿಸದೆ ಹೇಳಿದ: "ಚಿಗವ್ವಾ, ಆಕಿದೇನೂ ದೋಷ ಇಲ್ಲ. ಸಾಂಗ್ಲಿ ಡಾಕ್ಟರು ಇಬ್ಬರ್ನೂ ತಪಾಸ ಮಾಡ್ಯಾರ. ಕಮ್ಮಿ ಇರೂದು ನನ್ನ ವೀರ್ಯದಾಗ. ದಿನಾ ಮೂಗಿಗೆ ಹೋಗೋ ಧೂಳು, ಡೀಸೆಲ್ ಹೊಗಿನೂ ಅದಕ್ಕೊಂದು ಕಾರಣ ಇರಬಹುದು ಅಂದ್ರು."

ಅಷ್ಟು ಜನರೆದುರು ಗಂಡಸೊಬ್ಬ ಹಾಗೆ ಹೇಳಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ನನ್ನ ಸೊಸೆ ಎದ್ದು, ತೊಟ್ಟಿಲ ಹಗ್ಗವನ್ನು ಆಕೆಯ ಕೈಗೇ ಕೊಟ್ಟಳು.

ಸ್ವಲ್ಪ ದಿನಕ್ಕೇ ಆತ ಮಷೀನು ಬಿಟ್ಟು, ತಿಕೋಂಡಿಯ ಮಾವನ ಕುರಿ ಹಿಂಡಿನ ಜೊತೆ ಹೊರಟ. ಮಗು ಇನ್ನೂ ಆಗಿಲ್ಲ, ಔಷಧ ನಡೆದಿದೆ. ಈಗ ಆತ ಊರಿಗೆ ಬಂದಾಗಲೆಲ್ಲ, ಮಷೀನಿನಲ್ಲಿ ಜೊತೆಗೆ ದುಡಿದ ಗಂಡಸರು ಒಬ್ಬೊಬ್ಬರೇ ಅವನ ಕಟ್ಟೆಗೆ ಬಂದು ಕೂರುತ್ತಾರೆ. ಸುತ್ತ ಯಾರಿಲ್ಲವೆಂದು ನೋಡಿಕೊಂಡು ಮೆಲ್ಲಗೆ ಕೇಳುತ್ತಾರೆ: "ಅಣ್ಣಾ, ಆ ಡಾಕ್ಟರು ಎಲ್ಲಿ ಕುಂದರ್ತಾರ?"