ವಿಜೇತಾಳ ರೆಕಾರ್ಡಿಂಗಿಗೆ ಅಪ್ಪನ ಕೂಗು

ಸಂಜೆ ಐದರೊಳಗೆ ಪಾಠದ ರೆಕಾರ್ಡಿಂಗ್ ಅಪ್‌ಲೋಡ್ ಆಗಬೇಕು, ಹಾಗಾದರೆ ಮಾತ್ರ ಖಾಯಂ ಕೆಲಸದ ಸಂದರ್ಶನಕ್ಕೆ ಕರೆ. ಗಂಟೆ ಆಗಲೇ ನಾಲ್ಕು ದಾಟಿತ್ತು. ವಿಜೇತಾಳ ಲ್ಯಾಪ್‌ಟಾಪಿನ ಪರದೆಯಲ್ಲಿ ಅವಳ ಅಪ್ಪ ಬೂಬ ಬಾಯಿ ತೆರೆದು ಕೂಗುತ್ತಿದ್ದರು, ರೆಕಾರ್ಡ್ ಆದದ್ದರಲ್ಲಿ ಒಂದು ಚೂರೂ ಸದ್ದಿಲ್ಲ!

ವಿಜೇತಾ ಸಮಾಜಶಾಸ್ತ್ರದ ಅತಿಥಿ ಉಪನ್ಯಾಸಕಿ. ಪ್ರತಿವರ್ಷ ಕಾಲೇಜು ತೆರೆಯುವಾಗ ಈ ಸಲ ಕರೆಯುತ್ತಾರೋ ಇಲ್ಲವೋ ಎಂಬ ದಿಗಿಲು, ಹೊಸ ಸೀರೆ ಕೊಳ್ಳುವಾಗಲೂ ಅದನ್ನುಟ್ಟು ಕಾಲೇಜಿಗೆ ಹೋಗುವುದು ಉಂಟೋ ಎಂಬ ಯೋಚನೆ. ತರಗತಿಯಲ್ಲಿ ಮಾತ್ರ ಅವಳು ಬೇರೆಯೇ. ಬೆಂಚುಗಳನ್ನು ಬದಿಗೆ ಸರಿಸಿ, ಹುಡುಗಿಯರ ಶಾಲುಗಳಿಗೆ ಗಂಟು ಹಾಕಿ ಹಗ್ಗ ಮಾಡಿ, ಇಡೀ ತರಗತಿಯಿಂದ ಎಳೆಸಿ, ಒಟ್ಟಿಗೆ ದುಡಿಯುವುದೆಂದರೆ ಏನೆಂದು ಕಲಿಸುವವಳು.

ರೆಕಾರ್ಡ್ ಮಾಡಬೇಕಾದದ್ದೂ ಅದೇ ಪಾಠ. ಸ್ಲೈಡುಗಳ ನಡುವೆ ಒಂದು ಹಳೆಯ ವಿಡಿಯೋ: ಉಳ್ಳಾಲದ ಕಡಲ ದಡದಲ್ಲಿ ಸಾಲಾಗಿ ನಿಂತವರು ಮೀನು ಹಿಡಿಯುವ ಕೈರಂಪಣಿ ಬಲೆಯ ಹಗ್ಗ ಎಳೆಯುತ್ತಿದ್ದಾರೆ, ಮುಂದೆ ನಿಂತ ಬೂಬ ಕೂಗಿದಂತೆಲ್ಲ ಅಷ್ಟೂ ಜನ ಒಂದೇ ಮೈಯಾಗಿ ಹಿಂದಕ್ಕೆ ಬಾಗುತ್ತಾರೆ. ಕೂಗು ಇಲ್ಲದಿದ್ದರೆ ಅವರು ಸುಮ್ಮನೆ ವಾಲಾಡುವವರಂತೆ ಕಾಣುತ್ತಿದ್ದರು.

ಮೊದಲ ಸಲ ವಿಡಿಯೋ ಇದ್ದಲ್ಲಿ ಬರೀ ಕಪ್ಪು ಚೌಕ ರೆಕಾರ್ಡ್ ಆಗಿತ್ತು. ಕಂಪ್ಯೂಟರ್ ವಿಭಾಗದ ಇರ್ವಿನ್ ಫೋನಿನಲ್ಲಿ ಹೇಳಿದ ಸೆಟ್ಟಿಂಗ್ ಬದಲಿಸಿದಳು. ಚಿತ್ರ ಬಂತು, ಸ್ವರ ಬರಲಿಲ್ಲ. ಮತ್ತೆ ಅವನಿಗೇ ಫೋನ್.

“ಫ್ರೀ ಸಾಫ್ಟ್‌ವೇರ್ ಅಲ್ವಾ ಮೇಡಂ, ಅದಕ್ಕೆ ಒಂದೇ ಕಿವಿ. ಒಂದೋ ನಿಮ್ಮ ಮಾತು, ಇಲ್ಲದಿದ್ರೆ ವಿಡಿಯೋದ ಸೌಂಡ್.”

“ಸ್ಪೀಕರ್ ಜೋರು ಇಟ್ಟು ನೋಡಿದೆ ಮಾರಾಯ!”

“ತನ್ನದೇ ಸ್ಪೀಕರಿನ ಸ್ವರವನ್ನು ಅದು ಎಕೋ ಅಂತ ಒರೆಸಿ ಬಿಡ್ತದೆ. ಬೇರೆ ಬೇರೆ ಮಾಡಿ ಜೋಡಿಸಿ.”

“ಸಂದರ್ಶನದವರಿಗೆ ಜೋಡಿಸಿದ್ದು ಆಗೂದಿಲ್ಲಂತೆ. ಒಂದೇ ಸಲಕ್ಕೆ ಮಾಡಿದ್ದೇ ಬೇಕಂತೆ.”

“ಹಾಗಾದ್ರೆ ಕೂಗುವವರನ್ನೇ ಕರ್ಸಿ!” ಇರ್ವಿನ್ ನಕ್ಕ.

ಅವನು ಹೇಳಿದ್ದು ತಮಾಷೆಗೆ. ಆದರೆ ಕೂಗುವವರು ಬೆಳಿಗ್ಗೆಯಷ್ಟೇ ಉಳ್ಳಾಲದಿಂದ ಬಂಗುಡೆ ಮೀನು ಹಿಡಿದುಕೊಂಡು ಕಾವೂರಿನ ಈ ಮನೆಗೆ ಬಂದಿದ್ದರು, ಒಳಕೋಣೆಯಲ್ಲಿ ಮಲಗಿದ್ದರು!

“ಒಮ್ಮೆ ಕೂಗಿ ಆಗಿದೆಯಲ್ಲ, ಮತ್ತೆ ಎಂತಕ್ಕೆ?” ಎಂದರು ಬೂಬ, ಲುಂಗಿ ಎತ್ತಿ ಕಟ್ಟುತ್ತ.

“ಇದಕ್ಕೆ ಕೇಳೂದಿಲ್ಲ ಅಪ್ಪ.”

“ನನ್ನ ಸ್ವರ ಕೇಳದ ಕಿವಿ ಉಳ್ಳಾಲದಲ್ಲಿ ಇರ್ಲಿಲ್ಲ. ನಿನ್ನ ಪೆಟ್ಟಿಗೆಗೆ ಎಂತ ರೋಗ?”

ಈಗೀಗ ಮೆಟ್ಟಿಲು ಹತ್ತಿದರೂ ಏದುಸಿರು ಬರುವ ಅಪ್ಪನನ್ನು ಪಕ್ಕದಲ್ಲಿ ಕೂರಿಸಿ, ವಿಜೇತಾ ರೆಕಾರ್ಡಿಂಗ್ ಒತ್ತಿದಳು. ಹತ್ತು ನಿಮಿಷವಾದರೆ ಪಾಠ ಮುಗಿಯಲಿ ಬಿಡಲಿ, ಸಾಫ್ಟ್‌ವೇರ್ ತಾನಾಗಿಯೇ ನಿಲ್ಲುತ್ತದೆ. ಅವಳ ಒಂದು ಕಣ್ಣು ಸ್ಲೈಡಿನ ಮೇಲೆ, ಇನ್ನೊಂದು ಗಡಿಯಾರದ ಮೇಲೆ. ವಿಡಿಯೋ ಶುರುವಾಯಿತು. ಬೂಬ ಪರದೆಯ ಮೇಲಿನ ತಮ್ಮದೇ ಬಾಯಿ ನೋಡಿ ಕೂಗಿದರು: “ಐಲೇಸಾ!” ಜನ ಬಾಗಿದರು. “ಐಲೇಸಾ!” ಆಹಾ, ಹಗ್ಗ ಬಂತು!

ವಿಡಿಯೋ ತೋರಿಸುವುದು, ರೆಕಾರ್ಡ್ ಮಾಡುವುದು, ಎರಡೂ ಒಟ್ಟಿಗೆ ಆಗದೆ ಲ್ಯಾಪ್‌ಟಾಪ್ ತಡವರಿಸಿತು. ಬಾಗಿದ ಜನ ಬಾಗಿದಲ್ಲೇ ನಿಂತುಬಿಟ್ಟರು. ಬೂಬರ ಕೂಗೂ ನಿಂತಿತು. ಕೂಗಿ, ಕೂಗಿ ಎಂದು ವಿಜೇತಾ ಕೈಸನ್ನೆ ಮಾಡಿದಳು. ಅವರು ತಲೆಯಾಡಿಸಿದರು.

“ಹಗ್ಗ ನಿಂತಿದೆ ಮಗಾ.”

ಅದೂ ರೆಕಾರ್ಡ್ ಆಯಿತಲ್ಲ!

“ನಿಂತದ್ದು ಲ್ಯಾಪ್‌ಟಾಪ್ ಅಪ್ಪ, ನೀವು ಕೂಗಿ!”

“ಹೇಗೆ ಕೂಗೂದು? ಬಲೆ ಕಲ್ಲಿಗೆ ಸಿಕ್ಕಿದ್ರೆ? ನಾನು ಕೂಗಿದ್ರೆ ಇವರು ಎಳೀತಾರೆ, ಬಲೆ ಹರೀತದೆ. ಹಗ್ಗ ಹಿಡಿದ ಆ ಯೋಗೀಶ ಮೊದಲೇ ಗಡಿಬಿಡಿಯವ.”

ಅಷ್ಟರಲ್ಲಿ ಚಿತ್ರ ಅಲುಗಾಡಿತು, ಬೂಬ ಏನೂ ಆಗದವರಂತೆ ಕೂಗು ಮುಂದುವರಿಸಿದರು. ವಿಜೇತಾ ಉಳಿದ ಪಾಠವನ್ನು ಒಂದೇ ಉಸಿರಿಗೆ ಹೇಳಿ ಮುಗಿಸುವುದಕ್ಕೂ ರೆಕಾರ್ಡಿಂಗ್ ನಿಲ್ಲುವುದಕ್ಕೂ ಸರಿಹೋಯಿತು. ಇನ್ನೊಮ್ಮೆ ಮಾಡಲು ಸಮಯವಿರಲಿಲ್ಲ. ಜಗಳ, ಯೋಗೀಶ, ಎಲ್ಲ ಸೇರಿದ್ದನ್ನೇ ಕಳುಹಿಸಿದಳು.

ಪರದೆಯಲ್ಲಿ ಅಪ್‌ಲೋಡಿನ ನೀಲಿ ಗೆರೆ ತೆವಳತೊಡಗಿತು.

“ಇದೆಂತ?”

“ಐದರೊಳಗೆ ಆ ಕೊನೆ ಮುಟ್ಬೇಕು ಅಪ್ಪ.”

ಬೂಬ ಕುರ್ಚಿಯನ್ನು ಮುಂದಕ್ಕೆಳೆದು ಕೂತರು. ಗೆರೆ ಸರಿದಾಗ ಮೆಲ್ಲಗೆ “ಐಲೇಸಾ”, ನಿಂತಾಗ ಮೌನ.

“ಸುಮ್ಮನಿರಿ ಅಪ್ಪ, ಏದುಸಿರು ಬರ್ತದೆ.”

“ಈಗ ಹಗ್ಗ ಬರ್ತಾ ಉಂಟಲ್ಲ, ಈಗಲೇ ಕೂಗ್ಬೇಕು.”

ಕೊನೆಗೆ ಇನ್ನೇನು ಒಂದು ಬೆರಳಗಲ ಉಳಿದಾಗ ಗೆರೆ ನಿಂತೇಬಿಟ್ಟಿತು. ಐದಕ್ಕೆ ಎರಡೇ ನಿಮಿಷ. ಮತ್ತೆ ಮೊದಲಿನಿಂದ ಕಳುಹಿಸಲು ವಿಜೇತಾ ಕೈ ಚಾಚಿದಳು. ಬೂಬ ಆ ಕೈ ಹಿಡಿದರು.

“ಎಳೀಬೇಡ. ಬಿಡಲೂ ಬೇಡ.”

ಇಬ್ಬರೂ ಪರದೆಯತ್ತ ಬಾಗಿದರು. ಗೆರೆ ಒಂದು ಕೂದಲೆಳೆಯಷ್ಟು ಸರಿಯಿತು. ಈ ಸಲ ಅಪ್ಪನಿಗಿಂತ ಮೊದಲು ವಿಜೇತಾಳೇ ಕೂಗಿದಳು, ಕಿಟಕಿಯ ಗಾಜು ಅದುರುವಂತೆ: “ಐಲೇಸಾ!” ಹಸಿರು ಗುರುತು ಮೂಡಿತು!

ಪಕ್ಕದ ಮನೆಯ ನೆಲ್ಲಿಬಾಯಿ ಕಿಟಕಿಗೆ ಓಡಿಬಂದರು. “ಎಂತ ಆಯ್ತು ಟೀಚರ್?”

ಬೂಬ ಬೆವರು ಒರೆಸಿಕೊಳ್ಳುತ್ತ ಹೇಳಿದರು: “ಬಲೆ ದಡಕ್ಕೆ ಬಂತು ಬಾಯಮ್ಮ. ಒಳಗೆ ಎಂತ ಉಂಟು, ಇನ್ನು ನೋಡ್ಬೇಕಷ್ಟೆ.”