ಹಿಂದಕ್ಕೋಡಿದ ಫಟಫಟಿ

ನಾಚಿಕೆಯಾದರೆ ಕೆನ್ನೆ ಕೆಂಪಾಗುತ್ತದೆ ಎಂದು ಕವಿಗಳು ಹೇಳುತ್ತಾರೆ. ನನಗೆ ಅದು ಮೊದಲು ಕಿವಿಗೆ ಬರುತ್ತದೆ. ಈಗಲೂ ಬೀದಿಯಲ್ಲಿ ಯಾರಾದರೂ ಮೋಟಾರ್‌ಸೈಕಲ್ಲು ಒದ್ದು ಶುರುಮಾಡಿದರೆ ಎರಡೂ ಕಿವಿ ಬಿಸಿಯಾಗುತ್ತವೆ.

ಮಹಾಯುದ್ಧ ಮುಗಿದ ಹೊಸತು. ನಾನು ಹಳಿಯಾಳದ ಹುಸೇನಸಾಬರ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಕೆಲಸ ಕಲಿಯುತ್ತಿದ್ದೆ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದ ಮಗ ಮನೆಯ ಕಿರಾಣಿ ಅಂಗಡಿ ಬಿಟ್ಟು ಮೈಗೆ ಎಣ್ಣೆಮಸಿ ಬಳಿದುಕೊಂಡು ಬರುವುದು ಅಪ್ಪನಿಗೆ ಒಪ್ಪಿಗೆಯಿರಲಿಲ್ಲ. ದಾಂಡೇಲಿಯ ಕಟ್ಟಿಗೆ ಗುತ್ತಿಗೆದಾರರೊಬ್ಬರು, ಸೈನ್ಯದವರು ಹರಾಜು ಹಾಕಿದ ಸಣ್ಣ ಮೋಟಾರ್‌ಸೈಕಲ್ಲೊಂದನ್ನು ಕೊಂಡು ನಮ್ಮಲ್ಲಿ ರಿಪೇರಿಗೆ ಬಿಟ್ಟಿದ್ದರು. ನಮ್ಮ ಕಡೆ ಅದಕ್ಕೆ ಫಟಫಟಿ ಎನ್ನುತ್ತಾರೆ. ಸಾಬರು ಇಂಜಿನ್ ಬಿಚ್ಚಿ ತೊಳೆದಿಟ್ಟು, "ಬಸಣ್ಣಾ, ಈ ಸಲ ನೀನ ಜೋಡಸು. ಕೈ ಕೂಡ್ಲಿ," ಎಂದು ಹೇಳಿ ಸಾಮಾನು ತರಲು ಹುಬ್ಬಳ್ಳಿಗೆ ಹೋದರು.

ಶಾಲೆಯಲ್ಲಿ ಸಂಧಿ ಬಿಡಿಸುವುದು ನನಗೆ ಸಲೀಸಾಗಿತ್ತು. ಕೂಡಿಸುವಾಗಲೇ ಮಾಸ್ತರರ ಬೆತ್ತ ಏಳುತ್ತಿತ್ತು. ಇಂಜಿನ್ನಿನದೂ ಅದೇ ವ್ಯಾಕರಣ. ಜೋಡಿಸಲು ಕುಳಿತರೆ ಇದ್ದ ತಿರುಪು ಮಾಯವಾಗುತ್ತದೆ, ಅದು ಲೋಪ. ಎಲ್ಲಿಯದೋ ಬೋಲ್ಟೊಂದು ಬಂದು ಕೂರುತ್ತದೆ, ಅದು ಆಗಮ. ಒಂದರ ಜಾಗದಲ್ಲಿ ಇನ್ನೊಂದು ಹೊಕ್ಕರೆ ಆದೇಶ. ಅಂತೂ ಮೂರೂ ಸಂಧಿಗಳನ್ನು ದಾಟಿ ಜೋಡಿಸಿ ಮುಗಿಸಿದೆ.

ಅದೇ ದಿನ ಮುಂಡಗೋಡದ ಕಡೆಯ ಸನವಳ್ಳಿಯಿಂದ ಶಿವಲಿಂಗಪ್ಪನವರು ಮಗಳಿಗೆ ವರ ನೋಡಲು ನಮ್ಮ ಮನೆಗೆ ಬಂದಿದ್ದರು. ಅಪ್ಪ ಅವರನ್ನು ಗ್ಯಾರೇಜಿಗೇ ಕರೆತಂದ. ಎಂದೂ ನನ್ನನ್ನು ಹೊಗಳದವನು ಅಂದು ನಾಲ್ಕು ಜನ ಕೇಳುವಂತೆ, "ಸತ್ತ ಇಂಜಿನ್ನಿಗೆ ಜೀವಾ ತುಂಬ್ತಾನ್ರಿ ನಮ್ಮ ಹುಡುಗ," ಎಂದ.

"ಹಂಗಾದ್ರ ಒಂದ ಸುತ್ತ ಹೊಡಿಸಪಾ," ಎಂದು ಶಿವಲಿಂಗಪ್ಪನವರು ಧೋತರ ಎತ್ತಿ ಕಟ್ಟಿ ನನ್ನ ಹಿಂದೆ ಕುಳಿತೇಬಿಟ್ಟರು.

ಕಿಕ್ಕರು ಒದ್ದೆ. ಇಂಜಿನ್ ಒಮ್ಮೆ ಕಾಲಿಗೆ ತಿರುಗಿ ಒದೆಯಿತಾದರೂ ಶುರುವಾಯಿತು. ಸದ್ದಿಗೆ ಅರ್ಧ ಪೇಟೆ ಕೂಡಿತು. ಗೇರು ಹಾಕಿ ಕ್ಲಚ್ಚು ಬಿಟ್ಟೆ. ಫಟಫಟಿ ಹಿಂದಕ್ಕೆ ಹೊರಟಿತು. ನಾನು ಮುಂದೆ ನೋಡುತ್ತಿದ್ದೇನೆ, ಅಪ್ಪನ ಮುಖ ನನ್ನಿಂದ ದೂರ ಸರಿಯುತ್ತಿದೆ. ಬ್ರೇಕು ನೆನಪಾಗುವಷ್ಟರಲ್ಲಿ ನಾವಿಬ್ಬರೂ ಎದುರುಮನೆಯ ಹುಲ್ಲಿನ ಬಣವೆಯೊಳಗಿದ್ದೆವು, ಶಿವಲಿಂಗಪ್ಪನವರು ನನಗಿಂತ ಒಂದು ಮೊಳ ಒಳಗೆ.

ಯಾರಿಗೂ ಪೆಟ್ಟಾಗಲಿಲ್ಲ. ಗುಂಪಿನಲ್ಲೊಬ್ಬ, "ಬಿಳೇ ಮಂದೀಗೆ ಕೊಡ್ರಿ ಇದನ್ನ, ಲಗೂನ ಅವರ ದೇಶಕ್ಕ ವಾಪಸ್ ಹೋಗ್ತಾರ," ಎಂದ. ಬೀದಿಯೆಲ್ಲ ನಕ್ಕಿತು. ಅಪ್ಪ ನಗಲಿಲ್ಲ, ಬೈಯಲೂ ಇಲ್ಲ. ತಲೆ ತಗ್ಗಿಸಿ ಮನೆಯ ದಾರಿ ಹಿಡಿದ. ಅವನು ಬೈದಿದ್ದರೆ ಎಷ್ಟೋ ವಾಸಿಯಿತ್ತು.

ನಾನು ಗಾಡಿಯನ್ನು ಒಳಗೆ ತಳ್ಳಿ ಕದ ಮುಂದೆ ಮಾಡಿಕೊಂಡು ಕುಳಿತೆ. ಕದ ಸರಿಯಿತು. ಮೀಸೆಯಲ್ಲಿ ಹುಲ್ಲುಕಡ್ಡಿ ಸಿಕ್ಕಿಸಿಕೊಂಡೇ ಶಿವಲಿಂಗಪ್ಪನವರು ಬಂದು, "ಎಲ್ಲಿ ತಪ್ಪೇತಿ, ತೋರಸು," ಎಂದರು.

ಗ್ಯಾರೇಜಿಗೆ ಇನ್ನೊಂದು ಬಾಗಿಲಿದ್ದಿದ್ದರೆ ಓಡಿಹೋಗುತ್ತಿದ್ದೆ. ಇಂಜಿನ್ನಿನ ಪಕ್ಕದ ಮುಚ್ಚಳ ಬಿಚ್ಚಿದೆ. ಒಳಗಿನ ಭಾರದ ಗಾಲಿಯ ಮೇಲೊಂದು ಗುರುತಿರುತ್ತದೆ. ಅದನ್ನು ಎದುರಿನ ಗುರುತಿಗೆ ಕೂಡಿಸಿಟ್ಟರೆ ಕಿಡಿ ಸರಿಯಾದ ಹೊತ್ತಿಗೆ ಹಾರುತ್ತದೆ. ಹಿಂದೆ ಯಾರೋ ಉಳಿಯಿಂದ ಮಾಡಿದ್ದ ಗೀರನ್ನೇ ನಾನು ಗುರುತೆಂದು ತಿಳಿದಿದ್ದೆ. ಕಿಡಿ ಹೊತ್ತು ತಪ್ಪಿ ಹಾರಿತ್ತು, ಇಂಜಿನ್ ಉಲ್ಟಾ ತಿರುಗಿತ್ತು.

ಅವರು ಬಗ್ಗಿ ಗೀರಿನ ಮೇಲೆ ಬೆರಳಿಟ್ಟು, "ನಾನೂ ಇದನ್ನ ಗುರ್ತು ಅಂತಿದ್ನಿ," ಎಂದರು.

"ನೀವು ಅನಬಹುದ್ರಿ. ನಾ ಅನಬಾರದಿತ್ತು," ಎಂದೆ.

ಅವರು ಎದ್ದು ನಮ್ಮ ಮನೆಯ ಕಡೆ ನಡೆದರು. ನಾನು ಮನೆಗೆ ಹೋದಾಗ ಅಪ್ಪ ಗೋಡೆ ನೋಡುತ್ತ ಕುಳಿತಿದ್ದ. ಶಿವಲಿಂಗಪ್ಪನವರು ಅವನಿಗೆ ಹೇಳುತ್ತಿದ್ದರು: "ನಿಮ್ಮ ಹುಡುಗ ತನ್ನ ತಪ್ಪ ಎಲ್ಲೇತಿ ಅಂತ ಕೈಮಾಡಿ ತೋರಿಸಿದಾ. ನನ್ನ ಹಿರೇ ಅಳಿಯ ಇಷ್ಟ ವರ್ಷಾತು, ಇನ್ನೂ ಒಂದೂ ತೋರಿಸಿಲ್ಲ. ಎಲಿ ಅಡಿಕಿ ತರಸ್ರಿ."

ಮದುವೆಯಾಯಿತು. ಆದರೆ ಮಾವನವರು ಮೆಚ್ಚಿದ ಆ ಗುಣವನ್ನು ಮತ್ತೆ ತೋರಿಸುವ ಅವಕಾಶ ನನಗೆ ಸಿಕ್ಕಿಲ್ಲ. ನನ್ನ ತಪ್ಪು ಎಲ್ಲಿದೆ ಎಂದು ನಾನು ಹುಡುಕಿ ಬಾಯಿ ತೆರೆಯುವ ಮೊದಲೇ ಅವರ ಮಗಳು ತೋರಿಸಿ ಮುಗಿಸಿರುತ್ತಾಳೆ.